ಒಬ್ಬಳೇ ಕೇಳಿದ ಮಾತು

“ಪ್ರೊಫೆಸರರು ಹಾಗೆಂದಾಗ ಕೋಣೆಯಲ್ಲಿ ಬೇರೆ ಯಾರಿದ್ದರು, ಕೋಕಿಲಾ?”

ಸಂಶೋಧನಾ ಕೇಂದ್ರದ ಮುಖ್ಯಸ್ಥೆ ಮೆತ್ತಗೆ ಕೇಳಿದಳು. ಸ್ವೀಡನ್ನಿನ ಈ ಗೋಥೆನ್‌ಬರ್ಗ್‌ನಲ್ಲಿ ಕತ್ತು ಕೊಯ್ಯುವುದಿದ್ದರೂ ಮೊದಲು ಕಾಫಿ ಕೊಟ್ಟು, ಆಮೇಲೆ ಹೀಗೆ ಮೆತ್ತಗೆ ಕೇಳುತ್ತಾರೆ. ಮೇಜಿನ ಆಚೆ ಲೀನಾ ಕೂತಿದ್ದಳು. ಪ್ರೊಫೆಸರರ ಕೈಕೆಳಗೆ ಹನ್ನೊಂದು ವರ್ಷ ದುಡಿದವಳು. ಅವರು ತೀರಿಕೊಂಡು ಮೂರು ವಾರವಾದರೂ ಅತ್ತ ಕಣ್ಣು ಇನ್ನೂ ಆರಿರಲಿಲ್ಲ.

ವಿಷಯ ಇಷ್ಟೇ. ಚೀನಾದ ಇತಿಹಾಸದ ಬಗ್ಗೆ ಪ್ರೊಫೆಸರರು ಶುರುಮಾಡಿದ್ದ ಪ್ರಾಜೆಕ್ಟಿಗೆ ಇನ್ನೂ ಮೂರು ವರ್ಷದ ಅನುದಾನ ಉಳಿದಿತ್ತು. ಅದನ್ನು ಮುಂದೆ ನಡೆಸುವವಳು ಲೀನಾಳೋ ಕೋಕಿಲಾಳೋ ಎಂದು ಆ ಪುಣ್ಯಾತ್ಮರು ಎಲ್ಲೂ ಬರೆದಿಟ್ಟಿರಲಿಲ್ಲ. ಅವರ ಇಚ್ಛೆ ಏನಿತ್ತೋ ಹಾಗೇ ಮಾಡಿ ಎಂದು ಅನುದಾನ ಕೊಡುವವರು ಕೈತೊಳೆದುಕೊಂಡಿದ್ದರು. ಲೀನಾ ಬಂದರೆ ತನ್ನವರನ್ನು ತರುತ್ತಾಳೆ, ಜೂನ್‌ಗೆ ಕೋಕಿಲಾಳ ಕೆಲಸ ಹೋಗುತ್ತದೆ, ಅದರ ಹಿಂದೆಯೇ ಈ ದೇಶದಲ್ಲಿರುವ ಪರ್ಮಿಟ್ಟೂ ಹೋಗುತ್ತದೆ. ಗಂಡ ಮಹಾಬಲೇಶ್ವರ ಕುಮಟಾದ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿಕೊಂಡಿದ್ದವನು. ಹೆಂಡತಿಗಾಗಿ ಅದನ್ನು ಬಿಟ್ಟು ಬಂದು ಇಲ್ಲಿ ಗೋದಾಮಿನಲ್ಲಿ ಪೆಟ್ಟಿಗೆ ಜೋಡಿಸುತ್ತಿದ್ದ. ನಾಲ್ಕು ವರ್ಷದ ಆರ್ಯನ್ ದಾಗಿಸ್‌ಗೆ, ಅಂದರೆ ಇಲ್ಲಿನ ಶಿಶುವಿಹಾರಕ್ಕೆ, ಹೋಗಿ ಹೋಗಿ ನಿದ್ದೆಯಲ್ಲೂ ಸ್ವೀಡಿಷ್‌ನಲ್ಲೇ ಕನವರಿಸುತ್ತಿದ್ದ.

ಹೋಗಲಿ, ಪ್ರೊಫೆಸರರು ಹೇಳಿದ್ದೇನು ಸುಳ್ಳೇ? ಆಸ್ಪತ್ರೆಯ ಮಂಚದಲ್ಲಿ ಅವಳ ಕೈ ಹಿಡಿದು, “ನನ್ನ ನಂತರ ನೀನು ನಡೆಸು” ಎಂದದ್ದು ಸತ್ಯ. ಆದರೆ ಅದನ್ನು ಕೇಳಿದವಳು ಅವಳೊಬ್ಬಳೇ.

ಗ್ರಹಚಾರ ನೋಡಿ, ಕೋಕಿಲಾ ಪಿಎಚ್‌ಡಿ ಮಾಡಿದ್ದು ಇಂಥದೇ ತಕರಾರಿನ ಮೇಲೆ. ಮುನ್ನೂರು ವರ್ಷಗಳ ಹಿಂದೆ ಚೀನಾದ ಕಾಂಗ್‌ಶಿ ಚಕ್ರವರ್ತಿ ಸತ್ತಾಗ ಸುಮಾರು ಇಪ್ಪತ್ತು ಗಂಡುಮಕ್ಕಳು ಬದುಕಿದ್ದರು. ಪಟ್ಟ ನಾಲ್ಕನೆಯ ಮಗನಿಗೆ ಎಂದು ದೊರೆ ಹೇಳಿದರೆಂದು ಹೊರಗೆ ಬಂದು ಸಾರಿದವನು ಕಾವಲುಪಡೆಯ ದಂಡನಾಯಕ. ಅವನೂ ಅರಮನೆಯ ನೆಂಟನೇ. ಬೇರೆ ಯಾರಾದರೂ ಅದನ್ನು ಕೇಳಿದ್ದರೇ ಎಂಬ ಜಗಳ ಇವತ್ತಿಗೂ ಮುಗಿದಿಲ್ಲ. ಪಟ್ಟವೇರಿದ ಮಗ ಐದು ವರ್ಷದೊಳಗೆ ಸಾಕ್ಷಿ ಹೇಳಿದ ಆ ದಂಡನಾಯಕನ ಮೇಲೆಯೇ ನಲವತ್ತೊಂದು ಅಪರಾಧ ಹೊರಿಸಿ ಸೆರೆಯಲ್ಲಿಟ್ಟ, ಅವನು ಸೆರೆಯಲ್ಲೇ ಸತ್ತ. ‘ಒಂದೇ ಕಿವಿಗೆ ಬಿದ್ದ ಮಾತು ಇತಿಹಾಸವಾಗುವುದಿಲ್ಲ’ ಎಂದು ಬರೆದು ಕೋಕಿಲಾ ಎಲ್ಲರಿಂದ ಭೇಷ್ ಅನ್ನಿಸಿಕೊಂಡಿದ್ದಳು. ಆ ಪ್ರಬಂಧ ಈಗ ಲೀನಾಳ ಮುಂದಿತ್ತು. ಅವಳು ಅದನ್ನು ಬಿಚ್ಚಲಿಲ್ಲ, ಆ ವಾಕ್ಯವನ್ನು ಎತ್ತಿ ಆಡಲಿಲ್ಲ. ಅಯ್ಯೋ, ಜಗಳವನ್ನಾದರೂ ಆಡಬಾರದೇ ಇವಳು!

“ನನ್ನ ಗಂಡ ಇದ್ದರು” ಎಂಬ ಮಾತು ಕೋಕಿಲಾಳ ಬಾಯಿಂದ ಜಾರಿಬಿಟ್ಟಿತು.

“ಒಳ್ಳೆಯದಾಯಿತು. ಈಗಲೇ ಕೇಳಿಬಿಡೋಣ,” ಎಂದಳು ಮುಖ್ಯಸ್ಥೆ. “ಸ್ಪೀಕರ್ ಹಾಕು.”

ಫೋನು ಮೇಜಿನ ನಡುವೆ ಬಂತು. ಮಹಾಬಲೇಶ್ವರ ಎರಡನೇ ರಿಂಗಿಗೇ ಎತ್ತಿದ.

“ಹೇಳೇ ಕೋಕಿ. ಮೀಟಿಂಗ್ ಮುಗೀತಾ?”

“ಇಲ್ಲಾ ರೀ, ಮೀಟಿಂಗಲ್ಲೇ ಇದ್ದೀನಿ. ಸ್ಪೀಕರ್ ಆನ್ ಇದೆ. ಇವರ್ಯಾರಿಗೂ ಕನ್ನಡ ಬರಲ್ಲ, ನಾರ್ಮಲ್ಲಾಗಿ ಮಾತಾಡಿ. ಆವತ್ತು ಆಸ್ಪತ್ರೆಯಲ್ಲಿ ಸರ್ ನಂಗೆ ಪ್ರಾಜೆಕ್ಟ್ ನೀನೇ ನಡೆಸು ಅಂದ್ರಲ್ಲ, ಅದನ್ನ ನೀವೂ ಕೇಳಿಸ್ಕೊಂಡ್ರಿ ಅಂತ ಇವರಿಗೆ ಇಂಗ್ಲಿಷಲ್ಲಿ ಹೇಳ್ಬೇಕು.” ತರಕಾರಿ ತರಲು ಹೇಳುವವಳ ಹಾಗೆ ಅವಳು ನಗುನಗುತ್ತಲೇ ಇದನ್ನು ಹೇಳಿದಳು.

“ನಾನೆಲ್ಲಿದ್ದೆ ಮಾರಾಯ್ತಿ? ಕೆಳಗೆ ಪಾರ್ಕಿಂಗ್ ಹುಡುಕ್ತಾ ಇದ್ನಲ್ಲ. ನಾ ಮೇಲೆ ಬರೋ ಹೊತ್ತಿಗೆ ಅವರಿಗೆ ನಿದ್ದೆ ಹತ್ತಿತ್ತು.”

“ಗೊತ್ತು. ಆದ್ರೆ ಅವರು ಹೇಳಿದ್ದು ನಿಜ ರೀ. ಆರ್ಯನ್ ಆಣೆ.”

“ಮಗು ಮೇಲೆಲ್ಲಾ ಆಣೆ ಹಾಕ್ಬೇಡ ನೀನು.”

ಗೋದಾಮಿನಲ್ಲಿ ಯಾವುದೋ ಗಾಡಿ ಹಿಂದಕ್ಕೆ ಬರುವ ಸದ್ದು ಕೇಳಿಸಿತು. ಆಮೇಲೆ ಮಹಾಬಲೇಶ್ವರ ತನ್ನ ಪಾಠದ ಇಂಗ್ಲಿಷಿನಲ್ಲಿ ಶುರುಮಾಡಿದ. ಹೌದು, ನಾನು ಹೆಂಡತಿಯ ಪಕ್ಕದಲ್ಲೇ ನಿಂತಿದ್ದೆ. ನನ್ನ ನಂತರ ನೀನು ನಡೆಸು ಎಂದು ಅವರು ಹೇಳಿದ್ದನ್ನು ಕಿವಿಯಾರೆ ಕೇಳಿದೆ. ಹಾಗೆನ್ನುವಾಗ ಅವರ ಕಣ್ಣಲ್ಲಿ ನೀರಿತ್ತು. ಕಣ್ಣೀರಿನ ಮಾತನ್ನು ಕೋಕಿಲಾ ಹೇಳಿಕೊಟ್ಟಿರಲಿಲ್ಲ. ಪ್ರೊಫೆಸರರು ಅತ್ತಿರಲಿಲ್ಲ.

ಮುಖ್ಯಸ್ಥೆ ಬರೆದುಕೊಂಡಳು. “ಸರಿ, ಇಬ್ಬರು ಕೇಳಿದ್ದಾರೆ. ಪ್ರಾಜೆಕ್ಟ್ ಕೋಕಿಲಾಳದು.”

ಲೀನಾ ಎದ್ದು ಮೇಜು ಸುತ್ತಿಕೊಂಡು ಬಂದಳು. “ಅವರು ಅತ್ತರೇ?” ಎಂದು ಕೇಳಿದಳು. “ಇಷ್ಟು ವರ್ಷದಲ್ಲಿ ಒಮ್ಮೆಯೂ ಅವರು ಅತ್ತಿದ್ದನ್ನು ನಾನು ನೋಡಿಲ್ಲ.” ಅಷ್ಟು ಹೇಳಿ ಕೋಕಿಲಾಳನ್ನು ಗಟ್ಟಿಯಾಗಿ ಅಪ್ಪಿಕೊಂಡು ಬಿಕ್ಕಿದಳು. ಕೋಕಿಲಾಳಿಗೆ ಅವಳ ಬೆನ್ನು ಸವರಲೂ ಕೈಬರಲಿಲ್ಲ.

ಫೋನು ಇನ್ನೂ ಮೇಜಿನ ಮೇಲೇ ಇತ್ತು. “ಆಯ್ತಾ? ನಂಬಿದ್ರಾ?” ಎಂದ ಮಹಾಬಲೇಶ್ವರ. ಆಮೇಲೆ ದನಿ ತಗ್ಗಿಸಿ ಕೇಳಿದ: “ಕೋಕಿ, ನನ್ನ ಹತ್ರನಾದ್ರೂ ನಿಜ ಹೇಳು. ಅವರು ಹಾಗಂದ್ರಾ?”

ಲೀನಾ ಕಣ್ಣೊರೆಸಿಕೊಳ್ಳುತ್ತ ಫೋನಿನ ಕಡೆ ನೋಡಿದಳು. “ಏನನ್ನುತ್ತಿದ್ದಾರೆ?”

“ಅಭಿನಂದನೆ ಹೇಳುತ್ತಿದ್ದಾರೆ,” ಎಂದಳು ಕೋಕಿಲಾ.