ಐಲಿಯ ಮೆಟ್ಟಿಲು

ಡ್ವೇನ್ ಮೇಲಿನ ಮೆಟ್ಟಿಲು ತಲುಪಿದ್ದೇ ಜಾರಿ, ನಡುವಿನದಕ್ಕೆ ಸೊಂಟ ಕುಟ್ಟಿಸಿಕೊಂಡು, ಕೆಳಗಿನದನ್ನು ಮುಟ್ಟದೆಯೇ ಹಿಮದ ರಾಶಿಯೊಳಗೆ ಕೂತ. ಹಬೆಯಾಡುವ ಕೆಟಲ್ ಹಿಡಿದು ಬಾಗಿಲಲ್ಲಿ ನಿಂತಿದ್ದ ಐಲಿ, ಬಿದ್ದವನನ್ನು ಬಿಟ್ಟು ಪಕ್ಕದ ಮನೆಯ ಸೂರನ್ನು ದುರುಗುಟ್ಟಿ ನೋಡಿದಳು.

"ಆ ಸೂರಿನ ನೀರೇ ಇಲ್ಲಿ ತೊಟ್ಟಿಕ್ಕೋದು. ಹೇಳಿದ್ರೆ ಯಾರು ಕೇಳ್ತೀರ?"

"ಈ ಚಳೀಲಿ ಕಣ್ಣೀರೂ ತೊಟ್ಟಿಕ್ಕಲ್ಲ ದೊಡ್ಡಮ್ಮ," ಎಂದು ಡ್ವೇನ್ ಸೊಂಟ ಹಿಡಿದುಕೊಂಡು ಎದ್ದ.

ಹಿಂದಿನ ಸಂಜೆಯಷ್ಟೇ ಅವನು ಹಾರೆ ಹಿಡಿದು ಮಂಜುಗಡ್ಡೆ ಕೆತ್ತಿ, ಮೆಟ್ಟಿಲಿನ ಹಲಗೆ ಕಾಣುವಂತೆ ಮಾಡಿ ಹೋಗಿದ್ದ. ಬೆಳಗಾಗುವಷ್ಟರಲ್ಲಿ ಮತ್ತೆ ಗಾಜು ಹಾಸಿದಂತಾಗಿತ್ತು. ಉತ್ತರ ಮಿನೆಸೋಟದ ಈ ಗಣಿ ಊರಿನ ಜನವರಿ ಚಳಿಗೆ ಮಂಜು ಕರಗಿಸುವ ಉಪ್ಪೂ ಲೆಕ್ಕಕ್ಕಿಲ್ಲ. ಜಾರದಂತೆ ಮರಳು ಹಾಕೋಣವೆಂದರೆ ಐಲಿ ಒಪ್ಪಳು. ಅವನ ಬೂಟಿಗಂಟಿ ಅದೆಲ್ಲ ತನ್ನ ಕಾರ್ಪೆಟ್ಟಿಗೆ ಬರುತ್ತದಂತೆ. ಹಿತ್ತಲ ಬಾಗಿಲೋ, ಚಾವಣಿಯಿಂದ ಜಾರಿದ ಹಿಮದಡಿ ಹೂತು ಬೇಸಿಗೆಯ ದಾರಿ ಕಾಯುತ್ತಿತ್ತು.

ಒಳಗೆ ಅವನ ತಾಯಿ ಹಿಲ್ಮಾ ಕೋಟು ತೊಟ್ಟು, ಟೊಪ್ಪಿಗೆ ಹಾಕಿ, ವಾಕರ್ ಹಿಡಿದು ಸಿದ್ಧವಾಗಿ ಕೂತಿದ್ದಳು. ಸೊಂಟದ ಮೂಳೆ ಮುರಿದಾಗ ಒಂದು ವಾರವೆಂದು ಅಕ್ಕನ ಮನೆಗೆ ಬಂದವಳು ಚಳಿಗಾಲಕ್ಕೆ ಸಿಕ್ಕಿಬಿದ್ದಿದ್ದಳು. ಈಗ ಊರಿನ ವೃದ್ಧಾಶ್ರಮದಲ್ಲಿ ಒಂದು ಕೋಣೆ ಖಾಲಿಯಾಗಿತ್ತು. ಶನಿವಾರ ಮಧ್ಯಾಹ್ನದೊಳಗೆ ಬಂದು ಸೇರದಿದ್ದರೆ ಬೇರೆಯವರ ಪಾಲು.

ಹೊರಗೆ ಕಾಲಿಡಲಾಗದ ಇಬ್ಬರು ಮುದುಕಿಯರಿಗೆ ಉಳಿಯುವ ಕಸುಬು ಒಂದೇ: ಒಬ್ಬರನ್ನೊಬ್ಬರು ತಿದ್ದುವುದು. ಹಿಲ್ಮಾ ಹೀಟರ್ ಏರಿಸಿದರೆ ಐಲಿ ಇಳಿಸುತ್ತಿದ್ದಳು. ಐಲಿ ಕಾಫಿ ಮಾಡಿದರೆ ಹಿಲ್ಮಾ ಅದನ್ನು ಪಾತ್ರೆ ತೊಳೆದ ನೀರು ಅನ್ನುತ್ತಿದ್ದಳು. ಇಸ್ಪೀಟಾಟದಲ್ಲಿ ಇಬ್ಬರೂ ಮೋಸ ಮಾಡುತ್ತಿದ್ದರು, ಸಿಕ್ಕಿಬೀಳುತ್ತಿದ್ದವಳು ಮಾತ್ರ ಹಿಲ್ಮಾ.

"ಅಲ್ಲಿ ಬಿಸಿಬಿಸಿ ಸೂಪು ಕೈಗೇ ತಂದುಕೊಡ್ತಾರಂತೆ," ಎಂದಳು ಹಿಲ್ಮಾ. "ಮಾತಾಡೋಕೆ ಮನುಷ್ಯರೂ ಇರ್ತಾರಂತೆ."

"ಹೋಗು ಮಹಾರಾಯ್ತಿ, ಹೋಗು. ನನ್ನ ಮನೆಗೂ ಒಂದಿಷ್ಟು ಶಾಂತಿ ಬರ್ಲಿ." ತಂಗಿಯ ಪೆಟ್ಟಿಗೆಯನ್ನು ಐಲಿ ತಾನೇ ಕಟ್ಟಿ ಬಾಗಿಲ ಬಳಿ ಇಟ್ಟಿದ್ದಳು. ಅಷ್ಟು ಅವಸರ ಅವಳಿಗೆ.

ಶುಕ್ರವಾರ ಆಶ್ರಮದ ವ್ಯಾನು ಬಂತು. ಚಾಲಕ ಕೆಳಗಿನಿಂದಲೇ ಮೆಟ್ಟಿಲನ್ನು ನೋಡಿದ. "ಇದು ಮೆಟ್ಟಿಲೋ ಜಾರುಬಂಡೆಯೋ? ಅಜ್ಜಿನ ಇದರ ಮೇಲೆ ಇಳಿಸಿದ್ರೆ ಕೋಣೆಗಲ್ಲ, ನೇರ ಆಸ್ಪತ್ರೆಗೆ ಒಯ್ಯಬೇಕಾಗತ್ತೆ." ಹೇಳಿ ವ್ಯಾನು ತಿರುಗಿಸಿದ. ಡ್ವೇನ್ ಸಂಜೆಯವರೆಗೂ ಮತ್ತೆ ಕೆತ್ತಿದ. ಶನಿವಾರ ಒಂದೇ ಉಳಿದಿತ್ತು.

ಶನಿವಾರ ಬೆಳಕು ಹರಿಯುವಾಗಲೇ ಅವನು ಬಂದ. ಐಲಿ ಬಾಗಿಲಲ್ಲೇ ನಿಂತು ಮೆಟ್ಟಿಲ ಕಡೆ ಬಗ್ಗಿ, ಕೆಟಲಿನಿಂದ ಬಿಸಿನೀರನ್ನು ಸಣ್ಣಗೆ, ಒಂದೇ ಧಾರೆಯಾಗಿ ಸುರಿಯುತ್ತಿದ್ದಳು.

"ಅಯ್ಯೋ ದೊಡ್ಡಮ್ಮ! ಏನು ಮಾಡ್ತಿದೀರ?"

"ಕಾಣಲ್ವಾ? ಹಲಗೆ ಸಂದೀಲಿ ಉಳಿದಿರೋದನ್ನ ಕರಗಿಸ್ತಿದೀನಿ. ನಿಮ್ಮಮ್ಮ ಹೋಗೋದು ಬೇಡ್ವಾ?"

ಡ್ವೇನ್ ಹಣೆ ಚಚ್ಚಿಕೊಂಡ. "ಬಿಸಿನೀರು ಹಾಕಿದ್ರೆ ಅದು ಹೆಪ್ಪುಗಟ್ಟಿ ಇನ್ನೂ ಗಟ್ಟಿಯಾಗಿ ಕೂರತ್ತೆ! ತೋಯ್ವೋ ದೊಡ್ಡಪ್ಪ ಊರಿನ ಐಸ್ ಹಾಕಿ ಅಂಗಳಕ್ಕೆ ಬಿಸಿನೀರೇ ಹಾಯಿಸ್ತಿರಲಿಲ್ವಾ? ಕನ್ನಡಿ ಥರ ಇರ್ತಿತ್ತು. ನಾವೆಲ್ಲ ಅದರ ಮೇಲೇ ಸ್ಕೇಟಿಂಗ್ ಕಲ್ತಿದ್ದು. ಅಂಥವರ ಹೆಂಡತಿ ನೀವು, ಇಷ್ಟೂ ಗೊತ್ತಿಲ್ವಾ?"

"ನಂಗೆಲ್ಲಿ ಗೊತ್ತಾಗ್ಬೇಕಪ್ಪ," ಎಂದಳು ಐಲಿ. "ಅದೆಲ್ಲ ಗಂಡಸರ ಕೆಲಸ."

ಅವಳ ಬೆನ್ನ ಹಿಂದೆ, ಗೋಡೆಯ ಮೇಲೆ, ದಪ್ಪ ನೀರಿನ ಕೊಳವೆ ಹಿಡಿದು ಮೀಸೆಯಡಿ ನಗುವ ತೋಯ್ವೋನ ಫೋಟೋ ಇತ್ತು. ಅವನು ಸತ್ತ ಮೇಲೆ ಊರಿನವರು ಆ ಹಾಕಿ ಅಂಗಳಕ್ಕೆ ಅವನ ಹೆಸರನ್ನೇ ಇಟ್ಟು, ಭಾಷಣ ಮಾಡಿ, ಐಲಿಯ ಕೈಗೆ ಒಂದು ಹೂಗುಚ್ಛ ಕೊಟ್ಟಿದ್ದರು.

ಡ್ವೇನ್ ಒಳಗೆ ಬಂದು ತಾಯಿಯ ಕಿವಿಯಲ್ಲಿ ಪಿಸುಗುಟ್ಟಿದ. "ದೊಡ್ಡಮ್ಮಂಗೆ ಅರಳು ಮರಳು ಅಮ್ಮ. ಪಾಪ, ದಿನಾ ಸಹಾಯ ಮಾಡ್ತೀನಂತ ಹೋಗಿ ನಿನ್ನ ದಾರಿಗೇ ಕಲ್ಲು ಹಾಕಿದಾರೆ."

"ಅವಳಿಗೆ ಹುಟ್ಟಿದಾಗಿಂದ ಬುದ್ಧಿ ಇಲ್ಲ," ಎಂದಳು ಹಿಲ್ಮಾ, ಪಿಸುಗುಟ್ಟದೆ.

ಡ್ವೇನ್ ಇನ್ನೂ ಮಂಜುಗಡ್ಡೆ ಕೆತ್ತುತ್ತಿರುವಾಗಲೇ, ಮಧ್ಯಾಹ್ನ, ಆಶ್ರಮದಿಂದ ಫೋನು ಬಂತು. ಕೋಣೆ ಇನ್ನೊಬ್ಬಳಿಗೆ ಹೋಗಿತ್ತು. ಹಿಲ್ಮಾ ಕೋಟು ಬಿಚ್ಚಿ, ಟೊಪ್ಪಿಗೆ ಎಸೆದು, ಅಕ್ಕನನ್ನು ಬಾಯಿಗೆ ಬಂದಂತೆ ಬೈದಳು. ಕೊನೆಗೆ ನಿಜವಾಗಿಯೂ ಅತ್ತಳು. ಐಲಿ ಏಲಕ್ಕಿ ಬ್ರೆಡ್ಡನ್ನು ದಪ್ಪಗೆ ಕೊಯ್ದು, ಬೆಣ್ಣೆ ಬಳಿದು, ತಂಗಿಯ ಮುಂದಿಟ್ಟಳು.

"ಬೆಣ್ಣೆ ಕಡಿಮೆ," ಎಂದಳು ಹಿಲ್ಮಾ, ಮೂಗೊರೆಸಿಕೊಂಡು.

"ತಿನ್ನು. ತಿಂದು ಎಲೆ ಹಂಚು. ತೋಳಿನೊಳಗೆ ಬಚ್ಚಿಟ್ಟಿರೋ ರಾಜನ್ನ ಮೊದಲು ಆಚೆ ತೆಗಿ."

ಭಾನುವಾರ ಡ್ವೇನ್ ಕಂಬಿ ಹಿಡಿದು, ಉಸಿರು ಬಿಗಿಹಿಡಿದು ಮೆಟ್ಟಿಲು ಹತ್ತಿದ. ಜಾರಲಿಲ್ಲ. ಹಿಂದಿನ ಸಂಜೆ ಅವನು ಕೆತ್ತಿಹೋದಂತೆಯೇ ಹಲಗೆ ಒಣಗಿತ್ತು. ಮೇಲೆ ಮರಳು ಕೂಡ ಉದುರಿಸಲಾಗಿತ್ತು.

"ಇವತ್ತು ಬಿಸಿನೀರು ಹಾಕಲಿಲ್ವಾ ದೊಡ್ಡಮ್ಮ?"

"ನೀನೇ ಬೇಡ ಅಂದ್ಯಲ್ಲಪ್ಪ. ತಿಳಿದವರ ಮಾತು ಕೇಳ್ಬೇಕು."

ಡ್ವೇನ್ ಮೆಚ್ಚಿ ತಲೆದೂಗಿದ. ಹೋಗುತ್ತ ಗೋಡೆಯ ಮೇಲಿನ ದೊಡ್ಡಪ್ಪನಿಗೆ ಎಂದಿನಂತೆ ಕೈಯೆತ್ತಿ ನಮಸ್ಕರಿಸಿದ. ಐಲಿಯೂ ಆ ಕಡೆ ಒಮ್ಮೆ ನೋಡಿ, ಕೆಟಲನ್ನು ಕಾಫಿಗೆ ಇಟ್ಟಳು.

ಫೋಟೋ ತೆಗೆಸಿಕೊಂಡ ಆ ಒಂದು ಮಧ್ಯಾಹ್ನ ಬಿಟ್ಟರೆ ತೋಯ್ವೋ ಆ ಕೊಳವೆಯನ್ನು ಮುಟ್ಟಿದವನೇ ಅಲ್ಲ. ಮೂವತ್ತು ಚಳಿಗಾಲ, ಅವನು ಗೊರಕೆ ಹೊಡೆಯುತ್ತಿರುವಾಗ, ಊರಿನ ಅಂಗಳಕ್ಕೆ ಬಿಸಿನೀರು ಹಾಯಿಸಿ ಕನ್ನಡಿ ಮಾಡಿದವಳು ಐಲಿ.