ಅಕ್ಕೋರ ಮಗಳ ಸಾಲಿ

ಜ್ಞಾನದೇವ ಚಪ್ಪಲಿ ಬಿಡುವುದಕ್ಕೂ ಮೊದಲೇ ಶುರು ಮಾಡಿದ. "ಇವತ್ತ ಐನಾಪುರ ಗಾಡ್ಯಾಗ ಒಬ್ರು ಮಾಸ್ತರ ಬಂದಿದ್ರು. ಅವರೂ ಅದನ್ನ ಅಂದ್ರು. ಆ ಹೊಸಾ ನರ್ಸರಿ ಭಾಳ ಚಲೋ ಐತಂತ."

ಸುಂದರಾ ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ. ಒಂದು ತಿಂಗಳಿಂದ ಇದೇ ನಡೆದಿತ್ತು. ಬಸ್ ಕಂಡಕ್ಟರನಾದ ಗಂಡ, ಟಿಕೆಟ್ ಹರಿಯುತ್ತ ಹರಿಯುತ್ತ, ಮಗಳು ಸುಜಾತಾಳನ್ನು ಎಲ್ಲಿಗೆ ಹಾಕಬೇಕೆಂದು ರಾಯಬಾಗದಲ್ಲಿ ಹತ್ತಿದವರನ್ನೂ ಇಳಿದವರನ್ನೂ ಕೇಳುತ್ತಿದ್ದ. ಅವರಲ್ಲಿ ಒಬ್ಬರ ಮಗುವೂ ಆ ನರ್ಸರಿಯಲ್ಲಿರಲಿಲ್ಲ. ಅಭಿಪ್ರಾಯ ಮಾತ್ರ ಎಲ್ಲರಿಗೂ ಇತ್ತು. ಅವನು ಕೇಳದೆ ಬಿಟ್ಟಿದ್ದು ಒಬ್ಬಳನ್ನೇ: ಏಳು ವರ್ಷದಿಂದ ಮಹಿಳಾ ಮಂಡಳದ ಬಾಲವಾಡಿಯ ಟೀಚರಾಗಿ ಊರಿಗೆಲ್ಲ ‘ಅಕ್ಕೋರು’ ಎನಿಸಿದ್ದ ತನ್ನ ಹೆಂಡತಿಯನ್ನು.

"ನನ್ನ ಬಾಲವಾಡ್ಯಾಗ ಕೆಟ್ಟದ್ದ ಏನೈತಿ, ಅದನ್ನರ ಹೇಳ್ರಿ," ಅಂದಳು.

"ಕೆಟ್ಟದ್ದಲ್ಲ. ಹೆಸರಿಲ್ಲ," ಅವನು ತಡವರಿಸಿದ. "ಹುಡುಗೂರು ಒದರಕೋತ, ಹಾಡಕೋತ ಕುಂತಿರ್ತಾವ. ಅಲ್ಲಿ ಹೊರಗ ನಿಂತ್ರ ಒಂದ ಕೂಸಿನ ಸದ್ದ ಕೇಳಂಗಿಲ್ಲಂತ. ಶಿಸ್ತ ಅಂದ್ರ ಅದು."

"ಅಕ್ಕೋರ ಮಗಳ ಬ್ಯಾರೆ ಕಡೆ ಹೋದ್ರ, ಮಂದಿ ತಮ್ಮ ಮಕ್ಕಳನ್ನ ನನ್ನ ಹಂತೇಕ ಯಾಕ ಕಳಸ್ತಾರ್ರಿ? ಇಪ್ಪತ್ತರ ಕೆಳಗ ಬಂದ್ರ ಬಾಲವಾಡಿ ಮುಚ್ಚತೀವಿ ಅಂದಾರ ಮಂಡಳದವರು. ಈಗ ಇರೂದು ನಮ್ಮ ಸುಜಾತಾನ್ನ ಹಿಡದ ಇಪ್ಪತ್ತೊಂದ."

ಜ್ಞಾನದೇವ ಹೆಗಲ ಚೀಲವನ್ನು ಗೂಟಕ್ಕೆ ಹಾಕಿದ. ಆಮೇಲೆ ಹೇಳಿದ: "ನಮ್ಮಪ್ಪ ಮಂದಿ ಹೊಲದಾಗ ಕಬ್ಬ ಕಡದ ಜೀವಾ ಸವಿಸಿದ. ಅವನ ಮೊಮ್ಮಗಳ ಕೊಳ್ಳಾಗ ಟೈ ನೋಡಬೇಕಂತ ನನಗ ಆಸೆ ಐತಿ, ಸುಂದರಾ. ತಪ್ಪೇನದು?"

ಅದು ತಪ್ಪೆಂದು ಅವಳಿಗೂ ಅನ್ನಿಸಲಿಲ್ಲ. ಹೆಸರು ಹಚ್ಚಲು ತಂದೆ ತಾಯಿ ಇಬ್ಬರೂ ಬರಬೇಕೆಂಬುದು ಆ ನರ್ಸರಿಯ ನಿಯಮ. ಶನಿವಾರ ಬಾಲವಾಡಿಗೆ ರಜೆ ಹೇಳಿ, ಸುಜಾತಾಳಿಗೆ ಹೊಸ ಫ್ರಾಕು ಹಾಕಿ, ಗಂಡನ ಹಿಂದೆ ಹೊರಟಳು.

ಜನ ಹೇಳಿದ್ದು ಸುಳ್ಳಲ್ಲ. ಅಲ್ಲಿ ನಿಜಕ್ಕೂ ಒಂದು ಮಗುವಿನ ಸದ್ದೂ ಇರಲಿಲ್ಲ. ಹೆಡ್‌ಮಿಸ್ ಅರ್ಜಿ ಮುಂದಿಟ್ಟರು, ಜ್ಞಾನದೇವ ಜೇಬಿನ ಪೆನ್ನು ತೆಗೆದು ದುಂಡಗೆ ಬರೆಯತೊಡಗಿದ. ಸುಂದರಾ ಪಕ್ಕದ ಕೋಣೆಯೊಳಗೆ ಇಣುಕಿದಳು. ಮೂವತ್ತು ಮಕ್ಕಳು ತುಟಿಯ ಮೇಲೆ ಬೆರಳಿಟ್ಟುಕೊಂಡು ಕೂತಿದ್ದವು. ಮೂಲೆಯಲ್ಲಿ ಮೂರು ವರ್ಷದ ಒಬ್ಬ ಹುಡುಗ ಗೋಡೆಗೆ ಮುಖ ಮಾಡಿ ನಿಂತಿದ್ದ. ಚಡ್ಡಿ ಒದ್ದೆ, ಬಿಳಿ ಬೂಟಿನ ಸುತ್ತ ನೀರು. ಹತ್ತಿರ ಹೋಗಿ ನೋಡಿದರೆ ಅವನು ಅಳುತ್ತಿರಲಿಲ್ಲ. ಕೆಳತುಟಿಯನ್ನು ಹಲ್ಲಿನಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದ.

"ಇವನ ಚಡ್ಡಿ ಯಾಕ ಬದಲಿ ಮಾಡಿಲ್ರಿ?" ಎಂದು ಒಳಗಿದ್ದ ಮಿಸ್ಸನ್ನು ಕೇಳಿದಳು.

"ಹನ್ನೆರಡಕ್ಕ ಅವರ ತಾಯಿ ಬರ್ತಾರ್ರಿ."

ಗೋಡೆಯ ಗಡಿಯಾರದಲ್ಲಿ ಹತ್ತೂ ಕಾಲಾಗಿತ್ತು. ಸುಂದರಾ ಯಾರನ್ನೂ ಕೇಳಲಿಲ್ಲ. ಹುಡುಗನ ಬೂಟು ಬಿಚ್ಚಿದಳು, ಚಡ್ಡಿ ಕಳಚಿದಳು, ಕಾಲನ್ನು ತನ್ನ ಸೆರಗಿನಿಂದ ಒರೆಸಿ ಅವನನ್ನು ಎತ್ತಿಕೊಂಡಳು. ಎತ್ತಿಕೊಂಡಿದ್ದೇ ತಡ, ಹಲ್ಲಿನಲ್ಲಿದ್ದ ತುಟಿ ಜಾರಿ ಅವನು ಹೋ ಎಂದು ಅತ್ತ. ಅವನನ್ನು ನೋಡಿ ಮುಂದಿನ ಸಾಲಿನ ಹುಡುಗಿ ಅತ್ತಳು. ಆಮೇಲೆ ಇಡೀ ಕೋಣೆಯೇ ಅಳತೊಡಗಿತು.

ಹೆಡ್‌ಮಿಸ್ ಬಾಗಿಲಿಗೆ ಬಂದರು. "ಏನ್ರಿ ಇದು? ಸುಮ್ಮನ ನಿಂತಿದ್ದ ಹುಡುಗನ್ನ ಅಳಿಸಿಬಿಟ್ರಲ್ಲ."

ಅವರ ಹಿಂದೆ ಬಂದ ಜ್ಞಾನದೇವ ಒದ್ದೆ ನೆಲವನ್ನು ನೋಡಿದ, ಹೆಂಡತಿಯ ಹೆಗಲಿಗೆ ಬಿಗಿಯಾಗಿ ಅಂಟಿಕೊಂಡಿದ್ದ ಹುಡುಗನನ್ನು ನೋಡಿದ. ಪೆನ್ನಿನ ಟೊಪ್ಪಿಗೆ ಹಾಕಿ ಜೇಬಿಗಿಟ್ಟ. ಅರ್ಧ ತುಂಬಿದ ಅರ್ಜಿ ಮೇಜಿನ ಮೇಲೇ ಉಳಿಯಿತು.

ಬಸ್‌ಸ್ಟ್ಯಾಂಡ್ ದಾಟಿದ ಮೇಲೆ ಅವನು ಹೆಜ್ಜೆ ನಿಧಾನಿಸಿದ. "ಎಷ್ಟ ಹೊತ್ತಿಂದ ನಿಂತಿದ್ನೋ ಏನೋ," ಅಂದ. "ಸೋಮವಾರದಿಂದ ಇಕಿನ್ನ ನಿನ್ನ ಜೋಡಿನ ಕರಕೊಂಡ ಹೋಗು."

ಗೆದ್ದೆನೆಂಬ ಸಂತೋಷವೇನೂ ಸುಂದರಾಳಿಗೆ ಆಗಲಿಲ್ಲ. "ಊರ ಮಂದೀನ ಕೇಳೂದ ಬಿಟ್ಟು ಒಂದ ಸಲ ಒಳಗ ಹೋಗಿ ನೋಡಿದ್ರ, ಒಂದ ತಿಂಗಳ ನನ್ನ ತಲೀ ಉಳೀತಿತ್ತಲ್ರಿ," ಅಂದಳು. ಅವನು ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡ.

ಸೋಮವಾರ ಬಾಲವಾಡಿಯ ಬೀಗ ತೆಗೆದು ಸುಜಾತಾಳನ್ನು ಚಾಪೆಯ ಮೇಲೆ ಕೂರಿಸುವಷ್ಟರಲ್ಲಿ ಗೌರಾಬಾಯಿ ಬಂದಳು. ಅವಳ ಮಗ ಭರಮು ಎರಡು ವರ್ಷದಿಂದ ಇಲ್ಲಿಗೇ ಬರುತ್ತಿದ್ದ. ಇವತ್ತು ಜೊತೆಯಲ್ಲಿರಲಿಲ್ಲ.

"ಅಕ್ಕೋರ, ಭರಮುನ ಪಾಟಿ-ಬಳಪ ಕೊಡ್ರಿ. ಅವನ್ನ ಆ ನರ್ಸರಿಗೆ ಹಾಕತೀವಿ. ನಮ್ಮ ಬಾಜೂ ಮನಿಯಾಕಿನೂ ತನ್ನ ಕೂಸನ್ನ ಅಲ್ಲಿಗೇ ಹಾಕತಾಳ, ಅದರ ಪಾಟೀನೂ ಕೊಡ್ರಿ. ಶನಿವಾರ ನೀವ ನಿಮ್ಮ ಮಗಳನ್ನ ಅಲ್ಲಿಗೆ ಕರಕೊಂಡ ಹೋಗಿದ್ದ ನಮ್ಮ ಮನ್ಯಾಗಿನವರು ನೋಡ್ಯಾರ್ರಿ. ನಿಮಗಿಂತಾ ನಮಗ ಹೆಚ್ಚ ತಿಳೀತೈತೇನು?"

"ಹೋಗಿದ್ವಿ ಗೌರಕ್ಕಾ, ಆದ್ರ ಹಾಕಿಲ್ಲ. ನೋಡ್ರಿ, ನನ್ನ ಮಗಳ ಇಲ್ಲೇ ಕುಂತಾಳ. ಅಲ್ಲಿ ಏನ ನೋಡಿದ್ವಿ ಅಂದ್ರ..."

ಗೌರಾಬಾಯಿ ಸುಜಾತಾಳನ್ನು ನೋಡಿದಳು. ಅವಳ ಮುಖ ಮೆತ್ತಗಾಯಿತು. ಹತ್ತಿರ ಬಂದು ಸುಂದರಾಳ ಕೈ ಹಿಡಿದು ದನಿ ತಗ್ಗಿಸಿದಳು.

"ಸೀಟ ಸಿಗಲಿಲ್ಲೇನ್ರಿ, ಪಾಪ? ಅಕ್ಕೋರ ಮಗಳಿಗೇ ಸಿಗಲಿಲ್ಲಂದ್ರ ಅದು ಭಾರೀ ಸಾಲೀನೇ ಇರಬೇಕ ಬಿಡ್ರಿ."