ಮುಟ್ಟಿದವರು ಕಡಲು ದಾಟಬೇಕು

ಗಂಡ ಕೆಲಸಕ್ಕೆ ಹಾಕುವ ಕವರಾಲನ್ನು ಮೆಷಿನಿಗೆ ಹಾಕುವ ಮೊದಲು ಸಬೀನಾ ಅದರ ಜೇಬುಗಳನ್ನು ಮಗುಚಿದಳು. ಮರಳು, ಒಂದು ಬೋಲ್ಟು, ಖರ್ಜೂರದ ಬೀಜ. ಮೆಷಿನ್ ತಿರುಗತೊಡಗಿದ ಮೇಲೆ, ನಾಲ್ಕು ಮಡಿಕೆಯ ಹಾಳೆಯೊಂದನ್ನು ಹಿಡಿದು ಹೊರಗೆ ಬಂದಳು.

“ಇದು ಎಂತ ನೋಡಿ. ನಿಮ್ಮ ಬಟ್ಟೆಯೊಟ್ಟಿಗೆ ಇತ್ತು.”

ಝಿಯಾವುದ್ದೀನ್ ಚಾ ಕುಡಿಯುತ್ತಿದ್ದ. ಅವಳು ಹಾಳೆಯನ್ನು ಬಿಡಿಸಿ, ಎದೆಗೊತ್ತಿ ಹಿಡಿದು ತೋರಿಸಿದಳು. ಸುಟ್ಟ ಅಂಚು, ಕಂದು ಕಲೆ, ಇರುವೆ ಸಾಲಿನಂಥ ಜಪಾನಿ ಅಕ್ಷರ. ಅವನು ಲೋಟ ಕೆಳಗಿಟ್ಟು ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡ.

ಇಂಥ ಹಾಳೆಯ ಕಥೆಯನ್ನು ಮನೆಗೆ ತಂದವನು ಅವನೇ. ಅರಬ್ ನಾಡಿನ ಈ ಯಾನ್ಬುವಿನ ಪ್ಲಾಂಟಿನಲ್ಲಿ ಜೊತೆಗಿದ್ದ ಜಪಾನಿ ಇಂಜಿನಿಯರ್ ಹೇಳಿದ್ದನಂತೆ: ಅವರ ದೇಶದಲ್ಲಿ ಶಾಪದ ಬರಹವೊಂದಿದೆ, ಅದು ಹೊಕ್ಕ ಮನೆಯ ಯಜಮಾನ ನಲವತ್ತು ದಿನ ಉಳಿಯುವುದಿಲ್ಲ, ಮೊದಲು ಮುಟ್ಟಿದವರು ಅದನ್ನು ಹಿಡಿದು ಕಡಲು ದಾಟಿದರೆ ಮಾತ್ರ ಪಾರು. ಕಥೆ ಕೇಳಿ ಬಂದ ವಾರವಿಡೀ ಝಿಯಾವುದ್ದೀನ್ ಸ್ನಾನಕ್ಕೆ ಹೋದರೂ ಬಾಗಿಲು ಹಾಕುತ್ತಿರಲಿಲ್ಲ. ಕಳೆದ ತಿಂಗಳು ಆ ಇಂಜಿನಿಯರ್ ಊರಿಗೆ ಮರಳಿದ. ಹೋಗುವಾಗ ತನ್ನ ಅನ್ನದ ಕುಕ್ಕರನ್ನು ಪೆಟ್ಟಿಗೆ ಸಮೇತ ಇವರಿಗೆ ಕೊಟ್ಟ.

“ನೀನು ಮುಟ್ಟಿದ್ದೀಯಾ?”

“ಮುಟ್ಟದೆ ಹೇಗೆ ತರುವುದು? ಹರಿದು ಬಿಸಾಡಲಾ?”

“ಹರಿಯಬೇಡ ಮಾರಾಯ್ತಿ! ಹತ್ತಿರ ತರಬೇಡ! ನಾನು ಇದೆಲ್ಲ ನಂಬುವುದಿಲ್ಲ. ಆದರೂ...”

ಊರಲ್ಲಿ, ಉಳ್ಳಾಲದಲ್ಲಿ, ಅವಳನ್ನು ಹೆತ್ತ ಉಮ್ಮ ಸೊಂಟದ ಎಲುಬು ಮುರಿದು ಮಲಗಿ ಎರಡು ತಿಂಗಳು. ಹೋಗುತ್ತೇನೆಂದು ಸಬೀನಾ ಮೂರು ಸಲ ಕೇಳಿದ್ದಳು. “ನನಗೆ ಬೇಯಿಸಿ ಹಾಕುವವರು ಯಾರು?” ಎಂದಿದ್ದ, ಮೂರು ಸಲವೂ. ಪಾಸ್‌ಪೋರ್ಟ್ ಅವನ ಕಪಾಟಿನಲ್ಲಿ, ಬೀಗದ ಕೈ ಅವನ ಪರ್ಸಿನಲ್ಲಿ. ಹೋಗಿಬರುವ ವೀಸಾ ಆಗಬೇಕಾದರೆ ಅವನ ಫೋನಿನಲ್ಲಿ ಅವನದೇ ಬೆರಳು ಒತ್ತಬೇಕು. ಈ ಮನೆಗೆ ನಾಲ್ಕು ಕಿಟಕಿ. ಎಸಿಯ ತಂಪು ಹೋಗುತ್ತದೆಂದು ಏಳು ವರ್ಷದಲ್ಲಿ ಒಂದನ್ನೂ ತೆರೆದಿರಲಿಲ್ಲ.

“ಉಮ್ಮನನ್ನು ನೋಡಬೇಕು ಅಂತಿದ್ದೆಯಲ್ಲ,” ಅವನು ಫೋನ್ ಕೈಗೆತ್ತಿಕೊಂಡ. “ಹೋಗಿ ಬಾ. ಅದನ್ನೂ ಹಿಡಿದುಕೊಂಡು ಹೋಗು.”

“ನಿಮ್ಮ ಊಟಕ್ಕೆ?”

“ಕುಕ್ಕರ್ ಉಂಟಲ್ಲ! ಎಷ್ಟು ನೀರು ಹಾಕುವುದು ಅಂತ ಹೇಳಿ ಹೋಗು, ಸಾಕು.”

ಅವಳು ತಲೆಯಾಡಿಸಿದಳು.

ಗುರುವಾರ ವಿಮಾನದ ಕೆಳಗೆ ಮರಳು ಮುಗಿದು ಕಡಲು ಕಂಡಿತು. ಪಕ್ಕದ ಸೀಟಿನ ಹೆಂಗಸು ಮಾತಿಗೆಳೆದಳು.

“ಎಷ್ಟು ದಿನ ರಜೆ?”

“ಎರಡು ತಿಂಗಳ ವೀಸಾ.”

“ಆಮೇಲೆ ಪುನಃ ಅದೇ ಅಡುಗೆಮನೆ ಅಲ್ವಾ!” ಹೆಂಗಸು ನಕ್ಕಳು. ಸಬೀನಾಳೂ ನಕ್ಕಳು.

ಹೆಂಗಸು ನಿದ್ದೆಹೋದ ಮೇಲೆ ಸಬೀನಾ ಚೀಲದಿಂದ ಹಾಳೆ ತೆಗೆದು ಮಗುಚಿದಳು. ಚಾಪುಡಿಯ ನೀರಿನಲ್ಲಿ ಅದ್ದಿ ಒಣಗಿಸಿದ್ದಳು, ಒಲೆಗೆ ಹಿಡಿದು ಅಂಚು ಸುಟ್ಟಿದ್ದಳು. ಆದರೂ ಹಿಂಬದಿಯ ಚಿತ್ರಗಳು ಅಳಿದಿರಲಿಲ್ಲ. ಅನ್ನದ ಕುಕ್ಕರ್, ಅಳತೆಯ ಲೋಟ, ನೀರಿನ ಗೆರೆ.

ವೀಸಾ ಮುಗಿದ ಮರುದಿನ, ಅರವತ್ತೊಂದನೆಯ ದಿನ, ಉಮ್ಮನಿಗೆ ಏನು ಬೇಯಿಸಿ ಕೊಡುವುದೆಂದು ಅವಳು ಯೋಚಿಸತೊಡಗಿದಳು.